ಅಡಿಹಲಗೆಯ ಮೇಲೆ ಆರ್ಡಿಸ್

ನನ್ನ ಹೆಂಡತಿ ಆರ್ಡಿಸ್ ಈಸ್ಟರಿಗೆ ಮುಂಚೆ ದೇವರ ಪಾದ ಸೇರಿದಳು. ಅವಳ ನೆನಪಿಗೆಂದು ನಮ್ಮ ಚರ್ಚಿನವರು ಊಟದ ಸಭಾಂಗಣದ ಮಾಡಿಗೆ ಹೊಸ ತೊಲೆ ಹಾಕಿಸಲು ನಿಶ್ಚಯಿಸಿದರು. ಫರ್ ಮರದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದ ತೊಲೆ. ಈ ಒರೆಗಾನ್ ಕಣಿವೆಯಲ್ಲಿ ನಾನು ಜೀವಮಾನವೆಲ್ಲ ಮಾಡಿದ್ದು ಅದೇ ಕೆಲಸ. ಅವಳ ಹೆಸರಿನಲ್ಲಿ ಅಂಥದೊಂದು ತೊಲೆ ನಿಲ್ಲುವುದೆಂದು ನನಗೆ ಸಮಾಧಾನವಾಗಿತ್ತು.

ಕ್ರೇನ್ ಬರುವ ದಿನ ಬೆಳಿಗ್ಗೆ ಹೋಗಿ ನೋಡಿದರೆ ತೊಲೆ ಅಂಗಳದಲ್ಲಿ ಮಗುಚಿ ಮಲಗಿದೆ. ಪಕ್ಕದಲ್ಲಿ ಆರ್ಡಿಸಳ ತಮ್ಮ ವರ್ಲಿನ್ ಉಳಿ ಹಿಡಿದು ನಗುತ್ತ ನಿಂತಿದ್ದಾನೆ.

“ಭಾವ, ಕಣ್ಮುಚ್ಕೊಂಡು ಬನ್ನಿ.”

“ಎಡವಿ ಬಿದ್ದು ಸಾಯ್ಲಾ? ಏನದು?”

ಅಡಿಹಲಗೆಯ ನಟ್ಟನಡುವೆ, ಅರ್ಧ ಇಂಚು ಆಳಕ್ಕೆ, ‘ಆರ್ಡಿಸ್’ ಎಂದು ಕೆತ್ತಿದ್ದ. ಸುತ್ತಲೂ ಹೂಬಳ್ಳಿ. ಬಹಳ ಚೆಂದವಾಗಿತ್ತು. ನನ್ನ ಹೊಟ್ಟೆ ಉರಿಸಿದ್ದೇ ಅದು.

“ಲೋ, ಎಲ್ಲಾ ಬಿಟ್ಟು ಜೋಡಣೆ ಮೇಲೆ ಕೆತ್ತಿದ್ದೀಯಲ್ಲೋ!”

ಎರಡು ಹಲಗೆಗಳ ತುದಿಗಳು ಸೇರುವ ಕಡೆ, ಪ್ರಾರ್ಥನೆಗೆ ಹೆಣೆದ ಬೆರಳುಗಳಂತೆ ಹಲ್ಲಿಗೆ ಹಲ್ಲು ಕೂರಿಸಿ ಅಂಟಿಸಿರುತ್ತಾರೆ. ಮಾಡಿನ ಭಾರ ಬಿದ್ದಾಗ ಮೇಲಿನ ಹಲಗೆಗಳು ಒತ್ತಿಕೊಳ್ಳುತ್ತವೆ. ಅಡಿಯದು ಎರಡೂ ಕಡೆಗೆ ಜಗ್ಗುತ್ತದೆ. ಆ ಜಗ್ಗಾಟವನ್ನು ತಡೆಯಬೇಕಾದ ಬೆರಳುಗಳನ್ನೇ ಇವನು ಕತ್ತರಿಸಿದ್ದ.

“ಇಷ್ಟು ದಪ್ಪ ತೊಲೆ ಅರ್ಧ ಇಂಚಿಗೆ ಮುರಿಯುತ್ತಾ?”

“ಹಿಮ ಬಿದ್ದ ದಿನ ಕೆಳಗೆ ಕೂತು ಸೂಪ್ ಕುಡಿ, ಗೊತ್ತಾಗುತ್ತೆ.”

ಅಷ್ಟರಲ್ಲಿ ಪಾಸ್ಟರು ಕಾಫಿ ಲೋಟ ಹಿಡಿದು ಬಂದರು. “ತಿರುಗಿಸಿ ಕೂರಿಸಿದ್ರೆ ಆಗಲ್ವಾ? ಹೆಸರು ಮೇಲಕ್ಕೆ ಹೋಗುತ್ತೆ. ಆ ದೇವರು ಓದ್ಕೊಳ್ಳಲಿ.”

“ಮತ್ತೊಂದು ಕಡೆ ‘ಮೇಲೆ’ ಅಂತ ಮುದ್ರೆ ಒತ್ತಿರೋದು ಅಲಂಕಾರಕ್ಕಾ ಪಾಸ್ಟರೇ? ಆ ಕಡೆ ಜೋಡಣೆಗಳನ್ನ ಜಗ್ಗಾಟಕ್ಕೆ ಅಂತ ಮಾಡಿರಲ್ಲ!”

ಪಾಸ್ಟರು ಕಾಫಿಯೊಳಗೆ ನೋಡಿದರು. ವರ್ಲಿನನ ಮುಖ ಕೆಂಪಾಯಿತು.

“ನಮ್ಮಕ್ಕನ ಹೆಸರು ಬೇಡ ಅಂತ ನೀವೇ ಹೇಳ್ತೀರಾ ಭಾವ?”

ಅವಳ ಹೆಸರು ತಲೆಯ ಮೇಲಿರಲೆಂದು ನನಗಿಂತ ಹೆಚ್ಚು ಬಯಸಿದವರು ಯಾರು? ಆದರೆ ಅವಳು ಬಡಿಸುತ್ತಿದ್ದ ಮೇಜುಗಳು ಅದರ ಕೆಳಗೇ ಇವೆ.

“ಹೆಸರು ಬೇಡ ಅನ್ನಲಿಲ್ಲ. ಅವಳ ಹೆಸರು ಯಾರ ತಲೆ ಮೇಲೂ ಬೀಳಬಾರದು ಅಂದೆ.”

ಕ್ರೇನನ್ನು ವಾಪಸು ಕಳಿಸಿದೆ. ಇಡೀ ಊರು ನನ್ನನ್ನು ಬೈದಿತು. ಬೇರೆ ತೊಲೆ ಬರುವಷ್ಟರಲ್ಲಿ ಬೇಸಿಗೆಯೇ ಮುಗಿದಿತ್ತು. ಹಳೆಯದರಲ್ಲಿ ಕೆತ್ತಿದ ಭಾಗವನ್ನಷ್ಟೇ ನಾನೂ ವರ್ಲಿನನೂ ಕುಯ್ದು, ಅಡುಗೆಮನೆಯಿಂದ ತಟ್ಟೆ ದಾಟಿಸುವ ಕಿಂಡಿಯ ಮೇಲೆ ಕೂರಿಸಿದೆವು. ಅಲ್ಲಿ ಅದು ಯಾವ ಭಾರವನ್ನೂ ಹೊರಬೇಕಾಗಿಲ್ಲ. ಅವಳೂ ಅಲ್ಲೇ ನಿಂತು ನಮ್ಮಿಬ್ಬರನ್ನೂ ಗದರುತ್ತಿದ್ದಳು.

ಹೊಸ ತೊಲೆ ಬಂದ ದಿನ ಅಂಗಳಕ್ಕೆ ಹೋದೆ. ವರ್ಲಿನ್ ಆಗಲೇ ಬಂದು ಅದರ ಅಡಿಹಲಗೆಯನ್ನು ಸವರುತ್ತಿದ್ದ. ಕಿವಿಯ ಮೇಲೆ ಪೆನ್ಸಿಲ್, ಸೊಂಟದಲ್ಲಿ ಉಳಿ.

“ಒಂದೇ ಒಂದು ಪುಟ್ಟ ಶಿಲುಬೆ, ಭಾವ. ಯಾರಿಗೂ ಕಾಣದ ಹಾಗೆ…”

“ಕೊಡೋ ಇಲ್ಲಿ ಆ ಉಳಿ!”