ಗುರುವಾರದ ಮಂಡಕ್ಕಿ

ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ದಾಟಿ, ಏಳೇ ನಿಮಿಷದಲ್ಲಿ ಹರಪನಹಳ್ಳಿಯನ್ನು ನಡೆದು ಮುಟ್ಟಿದ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ. ಅದೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಸಮುದ್ರದ ನಟ್ಟನಡುವೆ. ಸಾಕ್ಷಿಗೆ ಎರಡು ತಿಮಿಂಗಿಲಗಳಿವೆ. ಅವು ಕೋರ್ಟಿಗೆ ಬರುವುದಿಲ್ಲ, ಅಷ್ಟೇ.

ಮಾಲ್ಡೀವ್ಸಿನ ಒಂದು ದ್ವೀಪದಲ್ಲಿ ವರ್ಷಪೂರ್ತಿ ನಾನು ಗಣಿತದ ಮೇಷ್ಟ್ರಾಗಿದ್ದೆ. ಅಲ್ಲಿ ಭಾನುವಾರದಿಂದ ಗುರುವಾರದವರೆಗೆ ಶಾಲೆ, ಶುಕ್ರವಾರ ಶನಿವಾರ ರಜೆ. ದಿನ ಐದು, ನಮ್ಮ ಕಡೆಯ ಬಸ್ಸಿನ ದಾರಿಯ ಊರೂ ಐದು. ಭಾನುವಾರಕ್ಕೆ ಕೂಡ್ಲಿಗಿ ಎಂದು ಹೆಸರಿಟ್ಟೆ. ಸೋಮವಾರ ಕೊಟ್ಟೂರು. ಹೀಗೆ ಸಾಗಿ ಗುರುವಾರ ಹರಪನಹಳ್ಳಿ ಬಂತೆಂದರೆ ಬಸ್ಸು ಖಾಲಿ, ಎಲ್ಲರೂ ಇಳಿಯಬೇಕು. ದ್ವೀಪಕ್ಕೂ ಅವೇ ಹೆಸರುಗಳು. ದೋಣಿ ನಿಲ್ಲುವ ಕಟ್ಟೆ ಕೂಡ್ಲಿಗಿ, ದಿನಸಿ ಅಂಗಡಿ ಕೊಟ್ಟೂರು, ನೀರಿನ ಟ್ಯಾಂಕು ಹಗರಿಬೊಮ್ಮನಹಳ್ಳಿ, ಶಾಲೆ ಹಡಗಲಿ, ನನ್ನ ಬಾಡಿಗೆ ಕೋಣೆ ಹರಪನಹಳ್ಳಿ. ನಿಧಾನಕ್ಕೆ ನಡೆದರೂ ಏಳು ನಿಮಿಷ.

ಪ್ರತಿ ಗುರುವಾರ ಸಂಜೆ ಮನೆಯವರ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದೆ. ನಾನು ಮಂಡಕ್ಕಿ ಹುರಿಯಲು ಕೂತರೆ ವಾಸನೆಗೆ ಇಡೀ ದ್ವೀಪವೇ ಬಾಗಿಲಿಗೆ ಬರುತ್ತದೆ, ಈಗಲೂ ಎದುರಿಗೆ ಮುನ್ನೂರು ಜನ ಕೂತಿದ್ದಾರೆ, ಊರ ಹಿರಿಯರು ಎರಡನೇ ಸಲ ತಟ್ಟೆ ಚಾಚುತ್ತಿದ್ದಾರೆ ಎಂದು ಹೇಳುತ್ತಿದ್ದೆ. ಸಂಖ್ಯೆ ಒಂಚೂರು ಉಬ್ಬಿರಬಹುದು. ಗಣಿತದ ಮೇಷ್ಟ್ರಾದವನು ಸಂಖ್ಯೆಗೆ ಹೆದರಬಾರದು.

ಮೊನ್ನೆ ಅಲ್ಲಿಯ ವರ್ಷ ಮುಗಿಸಿ ಬಂದು ಕೊಟ್ಟೂರಿನಲ್ಲಿ ನನ್ನ ಅಕ್ಕ ಅನ್ನದಾನಮ್ಮನ ಮನೆಯಲ್ಲಿದ್ದೆ. ಅಕ್ಕನ ಮಗಳು ಶಾಂಭವಿ ಕೂಡ್ಲಿಗಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳುತ್ತಾಳೆ. ನನ್ನ ಮೆಸೇಜು ಕೇಳಿ ಕೇಳಿಯೇ ಅವಳೂ ಅರ್ಜಿ ಹಾಕಿದ್ದಳು. ಬೇರೊಂದು ದ್ವೀಪದ ಶಾಲೆಗೆ ಆಯ್ಕೆಯೂ ಆಗಿತ್ತು. ಒಪ್ಪಿಗೆಯೋ ಇಲ್ಲವೋ ಎಂದು ಅಂದು ಸಂಜೆ ಐದರೊಳಗೆ ಏಜೆಂಟನಿಗೆ ತಿಳಿಸಬೇಕು. ಒಪ್ಪಿದರೆ ಇಲ್ಲಿಯ ಕೆಲಸ ಬಿಡಬೇಕು. ನಾಲ್ಕು ಗಂಟೆಯಾಗಿತ್ತು. ಅಕ್ಕ ಮಿರ್ಚಿ ಬಜ್ಜಿ ಕರಿಯುತ್ತಿದ್ದಳು.

"ಲೇ ಗುರು, ಹುಡುಗಿಗೆ ಸರಿಯಾಗಿ ಹೇಳು. ಆಮ್ಯಾಲ ಅಲ್ಲಿ ಕುಂತು ಅತ್ತರ ನಾ ಎಲ್ಲಿ ದೋಣಿ ಹುಡುಕ್ಲಿ?"

"ಅಳಾಕ ಪುರುಸೊತ್ತು ಎಲ್ಲಿ ಐತಕ್ಕ? ಮಂದಿ ಬಿಡಬೇಕಲ್ಲ. ನಾ ಹೊಂಟ ದಿನ ಅವರು ಅತ್ತಿದ್ದಕ್ಕ ಸಮುದ್ರ ಒಂದು ಗೇಣು ಏರಿತ್ತು."

"ಅದು ಉಪ್ಪಾಗಿದ್ದೂ ನಿನ್ನಿಂದನ ಅನ್ನು," ಎಂದಳು ಅಕ್ಕ.

ಶಾಂಭವಿ ನಗಲಿಲ್ಲ. ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು:

"ಮಾಮ, ನಿಮ್ಮವು ನಲವತ್ತೊಂದು ಮೆಸೇಜ್ ಅದಾವ. ನಿನ್ನಿ ಎಲ್ಲಾ ಒಂದರ ಹಿಂದ ಒಂದು ಕೇಳಿದ್ನಿ."

"ಹೆಂಗೈತಿ ನಿಮ್ಮ ಮಾಮನ ದನಿ? ರೇಡಿಯೋದಾರು ಕರದಿದ್ರು, ನಾನ ಒಲ್ಲೆ ಅಂದ್ನಿ."

"ದನಿ ಚೊಲೊ ಐತ್ರಿ. ಹಿಂದ ಒಂದು ಫ್ಯಾನು ಕಿರ್ ಅಂತೈತಿ. ನಲವತ್ತೊಂದರಾಗೂ ಅದ ಫ್ಯಾನು. ಮುನ್ನೂರು ಮಂದಿ ಮುಂದ ಕುಂತಾರ ಅಂತೀರಿ. ಒಬ್ಬರು ಕೆಮ್ಮಿದ್ದೂ ಕೇಳಲಿಲ್ಲ."

"ಅಲ್ಲಿ ಮಂದಿ ಭಾಳ ಶಾಂತ."

"ಮಾಮ, ನಾ ಹೂಂ ಅನ್ಲೋ ಬ್ಯಾಡ ಅನ್ಲೋ? ನೀವು ಹೇಳಿದಂಗ ಮಾಡ್ತೀನಿ. ಅದಕ್ಕ ಕೇಳಾಕತ್ತೀನಿ."

ಅಕ್ಕ ಗ್ಯಾಸು ಸಣ್ಣ ಮಾಡಿದಳು. ನಾನು ಇನ್ನೊಂದು ಸುಳ್ಳಿಗಾಗಿ ತಡಕಾಡಿದೆ. ನನ್ನ ಸುಳ್ಳುಗಳು ಕರೆಯುವ ಮೊದಲೇ ಬಂದು ನಿಲ್ಲುವಂಥವು. ಅವತ್ತು ಒಂದೂ ಬರಲಿಲ್ಲ.

"ಯಾರೂ ಬರ್ತಿದ್ದಿಲ್ಲವ್ವ," ಎಂದೆ. "ಶಾಲಿ ಬಿಟ್ಟು ಬಂದು ಅಂಗಿ ಸೈತ ಬಿಚ್ಚಲಾರದ ಕುಂದರ್ತಿದ್ನಿ. ದಿನಕ್ಕ ಏಳು ಪೀರಿಯಡ್ಡು. ಬೋರ್ಡಿನ ಮ್ಯಾಲ ಬರಿಯೋದು ನನ್ನ ಕೈಯೋ ಬ್ಯಾರೆಯವರದೋ ಅನಸ್ತಿತ್ತು. ದುಃಖ ಅಂತಲ್ಲ ಮತ್ತ. ದುಃಖ ಆಗಿದ್ರ ಅತ್ತು ಮುಗಸ್ತಿದ್ನಿ. ಕಾಲು ಜೋಮು ಹಿಡದ್ರ ಹೆಂಗಾಗ್ತೈತಿ, ಹಂಗ. ಮೈಯೆಲ್ಲ."

"ಮತ್ತ ಮಂಡಕ್ಕಿ?" ಎಂದಳು ಅಕ್ಕ. ಚೀಲ ತುಂಬಿ ಕೊಟ್ಟವಳು ಅವಳೇ.

"ಅದು ಖರೇ ಐತಿ. ಅಲ್ಲಿ ಗಾಳಿಗೆ ಮೂರ ದಿನದಾಗ ಮೆತ್ತಗಾತು. ವರ್ಷ ಬರಬೇಕಲ್ಲ, ಅದಕ್ಕ ಗುರುವಾರ ಒಂದ ಹಿಡಿ. ಒಣಾ ಬಾಣಲಿಗೆ ಹಾಕಿ ಹುರೀತಿದ್ನಿ. ಗರಿಗರಿ ಆಗ್ತಿತ್ತು. ಬಾಯಾಗ ಹಾಕ್ಕೊಂಡ್ರ ಕಿವ್ಯಾಗ ಸಪ್ಪಳ ಬರ್ತಿತ್ತು. ಅದನ್ನ ಕೇಳಿದ್ರ ಯಾರಿಗರ ಏನರ ಹೇಳಬೇಕು ಅನಸ್ತಿತ್ತು. ಆ ಹೊತ್ತಿನಾಗ ಮೆಸೇಜ್ ಮಾಡ್ತಿದ್ನಿ."

ಶಾಂಭವಿ ಬೇರೆ ಏನೂ ಇರಲಿಲ್ಲವೇ ಎಂದು ಕೇಳುವ ಹಾಗೆ ನೋಡಿದಳು. ಇತ್ತು. ದೋಣಿಯಲ್ಲಿ ತರಕಾರಿ ಬಂದ ದಿನ ಅಂಗಡಿಯವನು ನನಗೆಂದು ನಾಲ್ಕು ಹಸಿಮೆಣಸಿನಕಾಯಿ ಎತ್ತಿಡುತ್ತಿದ್ದ. ಆರನೇ ಕ್ಲಾಸಿನ ಒಂದು ಹುಡುಗಿಗೆ ಭಿನ್ನರಾಶಿ ಥಟ್ಟನೆ ಹೊಳೆದು, ಬೆಂಚಿನ ಮೇಲೆ ತಾನೇ ತಾಳ ಹಾಕಿದ್ದಳು. ಅದು ಮಾರ್ಚ್ ತಿಂಗಳಲ್ಲಿ. ಎರಡನ್ನೂ ಇದ್ದ ಅಳತೆಯಲ್ಲೇ ಹೇಳಿದೆ. ಹೇಳಿ ಮುಗಿಸುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಅಷ್ಟರಾಗ ವಾರ ಸಾಗ್ತಿತ್ತಾ?"

"ಕೆಲವು ವಾರ ಸಾಗ್ತಿತ್ತು. ಕೆಲವು ವಾರ ಇಲ್ಲ."

ಅವಳು ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಏಜೆಂಟನಿಗೆ ಫೋನು ಹಚ್ಚಿದಳು. "ಸರ್, ಆ ಶಾಲಿಯಾಗ ಇನ್ನೊಬ್ಬರು ಕನ್ನಡ ಮಾತಾಡೋ ಟೀಚರ್ ಇದ್ರ ಬರ್ತೀನ್ರಿ. ಇಲ್ಲಂದ್ರ ಇಲ್ಲ," ಎಂದದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಆ ಕಡೆಯವನು ನೋಡಿ ಹೇಳುತ್ತೇನೆ ಎಂದನಂತೆ. ಒಳಗೆ ಬಂದು ಮತ್ತೆ ನನ್ನ ಎದುರಿಗೇ ಕೂತಳು.

"ಇರಲಿ ಮಾಮ. ಮುನ್ನೂರು ಮಂದಿ ಅಂತ ಯಾಕ ಅಂದ್ರಿ?"

ಅಕ್ಕ ನನ್ನ ಕಡೆ ನೋಡದೆ ಮಿರ್ಚಿ ತಿರುವಿ ಹಾಕುತ್ತಿದ್ದಳು.

"ಒಬ್ಬನ ಅದೀನಿ ಅಂದಿದ್ರ ನೀವೆಲ್ಲ ಫೋನ್ ಮಾಡಿ ಅಯ್ಯೋ ಅಂತಿದ್ರಿ," ಎಂದೆ. "ಅದಕ್ಕ ತಿರುಗಿ ಏನರ ಅನ್ನಬೇಕಾಗ್ತಿತ್ತಲ್ಲವ್ವ. ನನಗ ಅಷ್ಟೂ ಆಗ್ತಿದ್ದಿಲ್ಲ."