ಪಾದದ ಅಳತೆ

ಸೂಗಮ್ಮ ಸತ್ತವಳ ಸೀರೆಯ ನೆರಿಗೆಯನ್ನು ಮೊಣಕಾಲಿನ ಮೇಲೆ ಸರಿಮಾಡುತ್ತಿರುವಾಗಲೇ ದೇವಿಂದ್ರಪ್ಪ ಸಲಿಕೆಯನ್ನು ಹೊಸ್ತಿಲಾಚೆ ಒರಗಿಸಿ ಒಳಗೆ ಬಂದು, ಅಳತೆ ಕೊಡಿ ಎಂದು ಕೇಳಿದ. ಹುಡಗಿ ಎಂಬ ಊರಿನ ಹೊಲದಿಂದ ಹುಮನಾಬಾದಿನವರೆಗೆ ಸೈಕಲ್ಲು ತುಳಿದುಕೊಂಡು ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಹೊಲದ ಬೇವಿನ ಗಿಡದ ಪಕ್ಕ ಜಾಗ ಹಸನು ಮಾಡಿದ್ದೇನೆ, ಇನ್ನು ಕುಣಿ ತೋಡುವುದೊಂದೇ ಬಾಕಿ ಎಂದ.

"ಪಾದದ ಅಳತಿ ಬೇಕ್ರಿ," ಎಂದು ಮತ್ತೊಮ್ಮೆ ಹೇಳಿದ.

ಸೂಗಮ್ಮನ ಕೈ ನೆರಿಗೆಯ ಮೇಲೆಯೇ ನಿಂತಿತು.

ಈ ಮನೆತನದಲ್ಲಿ ಸಮಾಧಿಯ ಕುಣಿಯನ್ನು ಟೇಪು ಹಿಡಿದು ಅಳೆಯುವುದಿಲ್ಲ. ಸತ್ತವರ ಪಾದವೇ ಅಳತೆ. ಉದ್ದ ಇಷ್ಟು ಪಾದ, ಅಗಲ ಇಷ್ಟು, ಆಳ ಇಷ್ಟು ಎಂದು ಲೆಕ್ಕ ಹಾಕಿ ತೋಡುತ್ತಾರೆ. ಹೆಣವನ್ನು ಕೂಡಿಸುವುದಕ್ಕೆ ಮುಂಚೆ ಅಂಗಾಲಿಗೆ ದಾರ ಹಿಡಿದು ಅಳತೆ ತೆಗೆದಿಡುವುದು ರೂಢಿ. ಆದರೆ ಸೂಗಮ್ಮನಿಗೆ ಬೆಳಗಿನಿಂದ ಒಂದೇ ಅವಸರ. ಮೈ ಬಿಗಿಯುವುದರೊಳಗೆ ಕೂಡಿಸಬೇಕು ಎಂದು ತಮ್ಮನ ಹೆಂಡತಿ ಕಸ್ತೂರಿಬಾಯಿಗೆ ನೀರು ಹಾಕಿಸಿ, ಕಾಲು ಮಡಚಿಸಿ, ಪಾದಗಳನ್ನು ತೊಡೆಯಡಿ ಸೇರಿಸಿ, ಬಟ್ಟೆಯಿಂದ ಬಿಗಿದು ಗೋಡೆಗೆ ಒರಗಿಸಿಬಿಟ್ಟಿದ್ದಳು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ಎಲ್ಲವೂ ಆಗಿತ್ತು, ಪಾದ ಅಳೆಯುವುದೊಂದನ್ನು ಬಿಟ್ಟು. ಈಗ ಕಸ್ತೂರಿಬಾಯಿಯ ಕಾಲುಗಳು ಕಟ್ಟಿಗೆಯಾಗಿದ್ದವು, ಬಿಡಿಸಲು ಬರುವಂತಿರಲಿಲ್ಲ.

ಅವಳ ಚಪ್ಪಲಿಯಾದರೂ ಕೊಡಿ, ಅದರ ಮೇಲೆ ಅಂದಾಜು ಮಾಡುತ್ತೇನೆ ಎಂದ ದೇವಿಂದ್ರಪ್ಪ. ಸೂಗಮ್ಮ ಉರಿದುಬಿದ್ದಳು.

"ಚಪ್ಪಲಿ ಅಳತಿಲೆ ಸಮಾಧಿ ತೋಡ್ತಾರೇನೋ? ನಿಮ್ಮಪ್ಪಗ ಹಂಗಽ ಮಾಡಿದ್ಯಾ?"

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರೂ ಅದು ಆಗದ ಮಾತು ಎಂದು ತಲೆಯಾಡಿಸಿದರು. ಮೋರಖಂಡಿಯಿಂದ ಬಂದಿದ್ದ ತವರಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಮಗಳಿಗೆ ಕೊನೆಗೆ ಅಳತೆಯ ಕುಣಿಯೂ ಇಲ್ಲವಾಯಿತೇ ಎಂದು ಒಬ್ಬಾಕೆ ಸೆರಗಿನೊಳಗೆ ಗೊಣಗಿದ್ದು ಬಾಗಿಲ ಕಂಬಕ್ಕೆ ಒರಗಿ ಕೂತಿದ್ದ ಗಂಡ ಬಕ್ಕಪ್ಪನಿಗೆ ಕೇಳಿಸಿತು.

ಬೆಳಗಿನಿಂದ ಯಾವ ಮಾತೂ ಅವನ ಒಳಗೆ ಇಳಿದಿರಲಿಲ್ಲ. ನಸುಕಿನಲ್ಲಿ ಒಲೆ ಊದಲು ಕೂತವಳು ಹಾಗೆಯೇ ಪಕ್ಕಕ್ಕೆ ವಾಲಿದ್ದಳು. ಊದುಕೊಳವೆ ಉರುಳಿದ ಸದ್ದಿಗೆ ಇವನು ಎದ್ದು ಬಂದಿದ್ದ. ಡಾಕ್ಟರು ಬಂದು ಎದೆ ನಿಂತಿದೆ ಎಂದರು. ಇವನು ಹೌದೇನ್ರಿ ಎಂದ, ಬಟ್ಟೆಯ ದರ ಕೇಳಿದವರಂತೆ. ಸಿಡಿಲು ಬಡಿದವನಿಗೆ ನೋವು ಎಲ್ಲಿಂದ ಗೊತ್ತಾಗಬೇಕು? ಆದರೆ ಪಾದ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ತಲೆ ಎತ್ತಿದ. ನಿನ್ನೆ ಸಂಜೆ ಅದೇ ಮಾತನ್ನು ಅವನೂ ಆಡಿದ್ದ.

*

ಬಕ್ಕಪ್ಪನದು ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಅರಿವೆ ಅಂಗಡಿ. ಸರಕಾರದ ಸಿಕ್ಕಾ ಹೊಡೆದ ಮೀಟರು ಕೋಲು ಅವನ ಕೈಯಲ್ಲಿ ಸದಾ ಇರುತ್ತಿತ್ತು. ಊಟಕ್ಕೆ ಕೂತಾಗಲೂ ಅದನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾನೆ ಎಂದು ಕಸ್ತೂರಿಬಾಯಿ ನೆರೆಯವರೆದುರು ಚೇಷ್ಟೆ ಮಾಡುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಬಾಡಿಗೆ ಮನೆಗಳಲ್ಲೇ ಬಾಳಿದವಳು. ಈಗಿನ ವಾಡೆಯಲ್ಲಿ ಎಲ್ಲ ಸಂಸಾರಗಳಿಗೂ ಸೇರಿ ಒಂದೇ ಬಚ್ಚಲು, ಅದಕ್ಕೆ ಬಾಗಿಲ ಬದಲು ಗೋಣಿತಾಟಿನ ಪರದೆ. ಹೊರಗೆ ಯಾರೋ ಕೆಮ್ಮಿದರೆ ಒಳಗಿದ್ದವರು ಅರ್ಧ ಮೈ ಒದ್ದೆಯಲ್ಲೇ ಹೊರಗೆ ಬರಬೇಕು. ಜಳಕ ಮಾಡುವಾಗಲೂ ಅವಳ ಒಂದು ಕೈ ಪರದೆಯ ಮೇಲೇ ಇರುತ್ತಿತ್ತು.

ಈ ವರ್ಷ, ಎಂಬತ್ತಮೂರರ ಬೇಸಿಗೆಯಲ್ಲಿ, ಅಂಗಡಿಯ ಮೇಲಿನ ಎರಡನೇ ಅಂತಸ್ತಿನ ಮನೆ ಮಾರಾಟಕ್ಕೆ ಬಂತು, ಬಕ್ಕಪ್ಪ ಕೊಂಡ. ಅಡುಗೆಮನೆ, ಬಚ್ಚಲು ಎರಡನ್ನೂ ಒಡೆಸಿ ಹೊಸದಾಗಿ ಕಟ್ಟಿಸಿ, ಶ್ರಾವಣದಲ್ಲಿ ಹಾಲುಕ್ಕಿಸಿ ಒಳಗೆ ಹೋಗುವುದೆಂದಾಯಿತು. ಗೌಂಡಿ ಕಾಸಿಂ ಕೆಲಸ ಹಿಡಿದ. ಉಳಿದದ್ದೆಲ್ಲ ನಿಮ್ಮಿಷ್ಟ, ಈ ಎರಡು ನನಗೆ ಬಿಡಿ ಎಂದು ಕಸ್ತೂರಿಬಾಯಿ ಗಂಡನಿಗೆ ಹೇಳಿದಳು. ಅವನು ನಕ್ಕು ಬಿಟ್ಟುಕೊಟ್ಟ.

ಅವಳು ಎತ್ತರದಲ್ಲಿ ಬಹಳ ಗಿಡ್ಡ. ಕಲಬುರಗಿಯ ಬೀಗರ ಮನೆಯಲ್ಲಿ ನಿಂತು ಅಡುಗೆ ಮಾಡುವ ಕಟ್ಟೆಯಿತ್ತು. ಅಲ್ಲಿ ಮಣೆ ಇಟ್ಟು ಅದರ ಮೇಲೆ ನಿಂತು ಬೇಳೆ ತಿರುವಲು ಹೋಗಿ, ಮಣೆ ಜಾರಿ ಮುಂಗೈ ಸುಟ್ಟುಕೊಂಡಿದ್ದಳು. ಆ ಕಲೆ ಕೊನೆಯವರೆಗೂ ಹೋಗಲಿಲ್ಲ. ಹೊಸ ಮನೆಯಲ್ಲಿ ಅವಳು ಮಾಡಿದ ಮೊದಲ ಕೆಲಸವೆಂದರೆ ಒಂದು ಬಿದಿರು ಸೀಳಿನ ಮೇಲೆ ತನ್ನ ಬಲಗಾಲಿಟ್ಟು, ಹಿಮ್ಮಡಿಗೂ ಹೆಬ್ಬೆರಳಿಗೂ ಸರಿಯಾಗಿ ಅದನ್ನು ಕಾಸಿಂನಿಂದ ಕತ್ತರಿಸಿಕೊಂಡದ್ದು. ಆಮೇಲೆ ಹಿಮ್ಮಡಿಗೆ ಹೆಬ್ಬೆರಳು ಕೂಡಿಸುತ್ತ ಖಾಲಿ ಅಡುಗೆಮನೆಯ ಉದ್ದಗಲಕ್ಕೂ ನಡೆದಳು, ಬಾಯಲ್ಲಿ ಎಣಿಸುತ್ತ. ಕಟ್ಟೆ ಎಷ್ಟು ಎತ್ತರ, ಬಚ್ಚಲ ಬಾಗಿಲಿಗೆ ಒಳಗಿನ ಅಗಳಿ ಎಲ್ಲಿ, ಎಲ್ಲವನ್ನೂ ಆ ಕೋಲಿನ ಮೇಲೆಯೇ ಹೇಳಿದಳು. ಗಂಡನಿಗೆ ಮಾತ್ರ ಹೇಳಲಿಲ್ಲ. ಹಾಲುಕ್ಕಿಸುವ ದಿನ ತಾನಾಗಿಯೇ ನೋಡಲಿ ಎಂದುಕೊಂಡಿದ್ದಳು.

ನಿನ್ನೆ ಸಂಜೆ ಬಕ್ಕಪ್ಪ ಮೀಟರು ಕೋಲು ಹಿಡಿದು ಮೇಲೆ ಬಂದ. ಶಹಾಬಾದಿ ಕಲ್ಲು ಹಾಸಿದ ಕಟ್ಟೆ ಅವನ ತೊಡೆಗೂ ಸರಿಯಾಗಿ ಬರಲಿಲ್ಲ. ಕಾಸಿಂ ಕಲ್ಲು ಉಳಿಸಲು ಮೋಸ ಮಾಡಿದ ಎಂದು ರೇಗಿ, ಊರ ಮಂದಿ ಬಂದರೆ ನಗುತ್ತಾರೆ ಎಂದು ಕೂಗಾಡಿದ. ಕಾಸಿಂ ತಲೆ ತಗ್ಗಿಸಿ ನಿಂತಿದ್ದ. ಕಸ್ತೂರಿಬಾಯಿ ಮುಂದೆ ಬಂದಳು.

"ಅವಗ ಯಾಕ ಬೈತೀರಿ. ನಾನಽ ಹೇಳೀನಿ. ನನ್ನ ಪಾದದ ಅಳತಿ ಅದು. ಅದರ ಮುಂದ ನಿಂದ್ರಾಕಿ ನಾನಲ್ಲೇನು?"

"ನಿನ್ನ ಪಾದಕ್ಕೇನು ಸರಕಾರದ ಸಿಕ್ಕಾ ಬಿದ್ದದೇನು?" ಎಂದ ಬಕ್ಕಪ್ಪ, ಗೌಂಡಿಯ ಎದುರಿಗೇ. "ನಾಳಿ ಮುಂಜಾನಿ ಇದನ್ನ ಒಡದು ಹಾಕು, ಕಾಸಿಂ."

ಅವಳು ಮನೆಗೆ ಬಂದು ರೊಟ್ಟಿ ಬಡಿದಳು, ಬಡಿಸಿದಳು. ಇವನೂ ಮಾತಾಡದೆ ಉಂಡು ಎದ್ದ. ಇಷ್ಟು ವರ್ಷದ ಸಂಸಾರದ ಕೊನೆಯ ಮಾತು ಅದೇ ಆಗುತ್ತದೆಂದು ಯಾರಿಗೆ ಗೊತ್ತು?

*

ಕಾಸಿಂ ಓಣಿಯಲ್ಲಿ ಗಂಡಸರ ಗುಂಪಿನ ಹಿಂದೆ ನಿಂತಿದ್ದ. ಒಳಗಿನ ಮಾತು ಕೇಳಿಸಿಕೊಂಡು ಹೊಸ್ತಿಲ ತನಕ ಬಂದು, ಬಕ್ಕಪ್ಪನ ಕಿವಿಯ ಹತ್ತಿರ ಬಗ್ಗಿದ.

"ಸಾವಕಾರ್ರೆ, ಅಕ್ಕಾವ್ರ ಪಾದದ ಕೋಲು ಹೊಸ ಮನ್ಯಾಗ ಅದರಿ." ಸ್ವಲ್ಪ ತಡೆದು ಮತ್ತೆ ಹೇಳಿದ. "ನನ್ನ ಕೈಯಾಳು ಮಚ್ಚೇಂದ್ರಗ ಸುದ್ದಿ ಗೊತ್ತಿಲ್ಲರಿ. ನೀವು ಹೇಳಿದ್ದ ಕಟ್ಟಿ ಅಲ್ಲಿ ಒಡ್ಯಾಕತ್ತಿರಬೇಕು."

ಬಕ್ಕಪ್ಪ ಎದ್ದುಬಿಟ್ಟ. ಹೆಣ ಮನೆಯಲ್ಲಿಟ್ಟುಕೊಂಡು ಗಂಡ ಎಲ್ಲಿಗೆ ಹೊರಟ ಎಂದು ಅಯ್ಯನವರು ಬಾಯಿ ತೆರೆದರು. ಸೂಗಮ್ಮ ಹೆಸರು ಹಿಡಿದು ಕರೆದಳು. ಅವನು ಬರಿಗಾಲಲ್ಲಿ, ಹೆಗಲ ಮೇಲಿನ ಟವೆಲು ಬಿದ್ದದ್ದೂ ತಿಳಿಯದೆ ಓಣಿ ದಾಟಿ ಓಡಿದ. ಐವತ್ತು ದಾಟಿದ ಸಾವಕಾರ ಹಾಗೆ ಓಡಿದ್ದನ್ನು ಹುಮನಾಬಾದಿನ ಪೇಟೆ ಹಿಂದೆಂದೂ ನೋಡಿರಲಿಲ್ಲ. ಕಟ್ಟೆ ಒಡೆಯಬಾರದು, ಅದೊಂದು ಒಡೆಯಬಾರದು ಎಂಬುದಷ್ಟೇ ಅವನ ತಲೆಯಲ್ಲಿತ್ತು.

ಮೆಟ್ಟಿಲ ಬುಡದಲ್ಲೇ ಸುತ್ತಿಗೆಯ ಸದ್ದು ಕೇಳಿಸಿತು. ಮೇಲೆ ಹೋಗುವಷ್ಟರಲ್ಲಿ ಕಟ್ಟೆ ಅರ್ಧ ಕುಸಿದಿತ್ತು. ಶಹಾಬಾದಿ ಕಲ್ಲು ಎರಡು ಹೋಳಾಗಿ ಬಿದ್ದಿತ್ತು. ಮಚ್ಚೇಂದ್ರ ಸುತ್ತಿಗೆ ಎತ್ತಿದವನು ಸಾವಕಾರನ ಮುಖ ನೋಡಿ ಹಾಗೆಯೇ ಕೆಳಗಿಳಿಸಿದ. ಬೇಗ ಮುಗಿಸಾಕತ್ತೇನ್ರಿ ಎಂದ, ತಡವಾದದ್ದಕ್ಕೆ ಬಂದರೆಂದುಕೊಂಡು. ಕಾಸಿಂ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಸುದ್ದಿ ಹೇಳಿದ.

ಬಕ್ಕಪ್ಪ ಉಳಿದ ಅರ್ಧ ಕಟ್ಟೆಯ ಮುಂದೆ ನಿಂತ. ನಿನ್ನೆ ನಗೆಗೀಡು ಎನಿಸಿದ್ದ ಆ ಎತ್ತರದಲ್ಲಿ ಈಗ ಅವನಿಗೆ ಹೆಂಡತಿಯ ಮೊಣಕೈ ಕಾಣಿಸಿತು, ಹಿಟ್ಟು ನಾದುವ ಕೈ, ಸುಟ್ಟ ಕಲೆ. ಮಣೆಯಿಲ್ಲದೆ, ಹೆದರದೆ, ನೆಲದ ಮೇಲೆ ಎರಡೂ ಕಾಲೂರಿ ನಿಂತ ಅವಳು ಅಲ್ಲಿದ್ದಳು. ಒಂದು ದಿನವೂ ಅವಳು ಅಲ್ಲಿ ನಿಲ್ಲಲಿಲ್ಲವಲ್ಲ.

ಯಾರ ಎದುರಿಗೂ ಅಳದ ಮನುಷ್ಯ. ಪಕ್ಕದ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಅಗಳಿ ಕೈಗೆ ಸಿಗಲಿಲ್ಲ, ಬಗ್ಗಿ ಹುಡುಕಿದ. ಅವಳ ಕೈಗೆ ಎಟುಕುವಲ್ಲಿ ಅದಿತ್ತು. ಅಗಳಿ ಸರಿಸಿ, ಇನ್ನೂ ನೀರು ಕಾಣದ ಆ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಹೊರಗೆ ಕಾಸಿಂಗೆ ಕೆಮ್ಮು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ದೂರ ಸರಿದ.

ಬಾಗಿಲು ತೆರೆದಾಗ ಕಾಸಿಂನ ಕೈಯಲ್ಲಿ ಆ ಬಿದಿರು ಕೋಲಿತ್ತು. ತಿಂಗಳಿನಿಂದ ಗೋಡೆಗೆ ಹಿಡಿದೂ ಹಿಡಿದೂ ಅದಕ್ಕೆ ಸುಣ್ಣ ದಪ್ಪಗೆ ಮೆತ್ತಿಕೊಂಡಿತ್ತು. ತೊಳೆದು ಕೊಡುತ್ತೇನೆ ಎಂದ. ಬೇಡವೆಂದು ಬಕ್ಕಪ್ಪ ಇಸಿದುಕೊಂಡ. ಇದು ಹೋದರೆ ಕಟ್ಟೆಯ ಅಳತೆ ಹೇಗೆ ಎಂದು ಕೇಳಿದ ಕಾಸಿಂ, ಹೆದರುತ್ತಲೇ.

"ಅರ್ಧ ಉಳದದಲಾ. ಅದಕ್ಕ ಸರಿಯಾಗಿ ಕಟ್ಟು. ಒಂದು ಬೆರಳೂ ಮ್ಯಾಲೆ ಹೋಗಬಾರದು."

*

ದೇವಿಂದ್ರಪ್ಪ ಕೋಲನ್ನು ತಿರುಗಿಸಿ ನೋಡಿ, ಇದು ಅಕ್ಕಾವ್ರ ಪಾದವೇ ಹೌದೇ ಎಂದು ಖಾತ್ರಿ ಕೇಳಿದ. ಹೆಣ್ಣುಮಕ್ಕಳ ಪಾದ ಇಷ್ಟು ಚಿಕ್ಕದಿರುತ್ತದೆಯೇ ಎಂದು ಅವನಿಗೆ ಅನುಮಾನ. ಅವಳದೇ ಎಂದು ಮೋರಖಂಡಿಯ ಮುದುಕಿಯೊಬ್ಬಳು ಕೋಲನ್ನು ಕಣ್ಣಿಗೊತ್ತಿಕೊಂಡು ಹೇಳಿದಳು. ಅವನು ಸೈಕಲ್ಲು ಹತ್ತಿದ.

ಇಳಿಹೊತ್ತಿಗೆ, ಬಿದಿರು ಕಟ್ಟಿ ಹೂ ಸುತ್ತಿದ ವಿಮಾನದಲ್ಲಿ ಕಸ್ತೂರಿಬಾಯಿಯನ್ನು ಕೂಡಿಸಿಕೊಂಡು, ಟ್ರ್ಯಾಕ್ಟರಿನಲ್ಲಿ ಹುಡಗಿಯ ಹೊಲಕ್ಕೆ ಬಂದರು. ಕುಣಿ ಸಿದ್ಧವಾಗಿತ್ತು. ನೋಡಿದವರೆಲ್ಲ ಸಣ್ಣದಾಯಿತಲ್ಲ ಎಂದರು. ಟ್ರ್ಯಾಕ್ಟರಿನವನು ತನ್ನ ಹತ್ತಿರ ಟೇಪು ಇದೆ, ಹಿಡಿದು ನೋಡೋಣ ಎಂದ.

"ಟೇಪ್ ಬ್ಯಾಡ," ಎಂದ ಬಕ್ಕಪ್ಪ. "ಆಕಿ ಅಳತಿನಽ ಅಳತಿ."

ಅಯ್ಯನವರು ಇಳಿಸುವ ಮುಂಚೆ ಇನ್ನೊಮ್ಮೆ ಅಳೆದು ತೋರಿಸು ಎಂದು ದೇವಿಂದ್ರಪ್ಪನಿಗೆ ಹೇಳಿದರು. ಅವನು ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕೋಲನ್ನು ಒತ್ತಿ ಇಟ್ಟು ಎತ್ತಿದ, ಅದು ಮುಗಿದಲ್ಲಿಂದ ಮತ್ತೆ ಇಟ್ಟ. ಇಟ್ಟಲ್ಲೆಲ್ಲ ಹಸಿ ಕೆಂಪು ಮಣ್ಣಿಗೆ ಸುಣ್ಣ ಹತ್ತಿ, ಬಿಳಿ ಗುರುತು ಮೂಡುತ್ತ ಹೋಯಿತು. ಹಿಮ್ಮಡಿಗೆ ಹೆಬ್ಬೆರಳು ಕೂಡಿಸಿ ಯಾರೋ ನಡೆದು ಬರುತ್ತಿರುವ ಹಾಗೆ ಆ ಗುರುತುಗಳು ಬಕ್ಕಪ್ಪ ನಿಂತಿದ್ದ ಮೂಲೆಯವರೆಗೂ ಬಂದವು. ಮುಂದಿನದಕ್ಕೆ ಅವನ ಕಾಲು ಅಡ್ಡವಿತ್ತು.

ಬಕ್ಕಪ್ಪ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಜಾಗ ಬಿಟ್ಟ.