ಗೆಣ್ಣಿನ ಅಳತೆ

ನನ್ನ ಹೆಂಡತಿ ಕೈಯಲ್ಲಿ ಕಾಜ ಹೊಲಿದರೆ ಮಷೀನೂ ನಾಚಿಕೊಳ್ಳಬೇಕು. ಕೋಟು ಕತ್ತರಿಸಿ ಹೊಲಿಯುವುದು ನಾನು, ಗುಂಡಿ ತೂರುವ ಕಾಜಗಳೆಲ್ಲ ಅವಳವು. ಇಪ್ಪತ್ತಾರು ವರ್ಷದಿಂದ ನಮ್ಮ ಅಂಗಡಿ ಹೀಗೇ ನಡೆದಿದೆ. ಈ ವರ್ಷ ಅವಳ ಬೆರಳ ಗೆಣ್ಣುಗಳು ಊದತೊಡಗಿದವು, ಅದೂ ತಿಂಡಿ ತಿಂದ ಮೂರ್ನಾಲ್ಕು ಗಂಟೆಗೆ ಸರಿಯಾಗಿ. ಊತ ಇಳಿಯದಿದ್ದರೆ ಸೂಜಿ ಬಿಡಬೇಕಾಗುತ್ತದೆ ಎಂದರು ಡಾಕ್ಟರು.

ಆಸ್ಪತ್ರೆಯ ಆಹಾರ ತಜ್ಞೆ ಬೇರೆ ಮಾತು ಹೇಳಿದಳು. "ತಿಂದಾದ್ಮೇಲೆ ಕೆಲವು ಗಂಟೆ ಮೈಯೊಳಗೆ ಸಣ್ಣಗೆ ಉರಿಯೂತ ಏಳಬಹುದು. ಯಾವ ಕೊಬ್ಬು ತಿಂದ್ರಿ ಅನ್ನೋದರ ಮೇಲೆ ಹೆಚ್ಚು ಕಮ್ಮಿ ಆಗತ್ತೆ ಅಂತಾರೆ. ಬೆಣ್ಣೆಗೆ ಹೆಚ್ಚು, ಆಲಿವ್ ಎಣ್ಣೆಗೆ, ಮೀನಿನ ಕೊಬ್ಬಿಗೆ ಕಮ್ಮಿ. ಆದ್ರೆ ಎಲ್ಲರ ಮೈ ಒಂದೇ ಥರ ಇರಲ್ಲ, ನೋಡಿ."

ಏಳಬಹುದು, ಅಂತಾರೆ, ಇರಲ್ಲ! ನಾನು ಹೀಗೆ ಅಳತೆ ತೆಗೆದಿದ್ದರೆ ಅಂಗಡಿ ಎಂದೋ ಮುಚ್ಚುತ್ತಿತ್ತು.

ತಜ್ಞೆಯ ಲೆಕ್ಕ ಹೀಗೆ: ಬೆಳಿಗ್ಗೆ ಎಂಟರ ತಿಂಡಿಗೆ ಒಂದು ವಾರ ಬೆಣ್ಣೆ, ಒಂದು ವಾರ ಆಲಿವ್ ಎಣ್ಣೆ, ಒಂದು ವಾರ ಕೊಬ್ಬಿನ ಮೀನು. ಜೊತೆಗೆ ದಿನಾ ಅದೇ ಬ್ರೆಡ್ಡು, ಅದೇ ಆಲೂಗಡ್ಡೆ. ನೋವು ಹೇಗಿದೆ ಎಂದು ಬರೆದಿಟ್ಟರೆ ಸಾಕಂತೆ. ದರ್ಜಿಯ ಮನೆಯಲ್ಲಿ ಬರೀ ಬರೆದಿಟ್ಟರೆ ಸಾಕೇ? ದಿನಾ ಹನ್ನೆರಡಕ್ಕೆ ಟೇಪು ಹಿಡಿದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೆಂಡತಿಯ ನಡುಬೆರಳ ಗೆಣ್ಣು ಅಳೆದು ಪುಸ್ತಕದಲ್ಲಿ ಬರೆದೆ. ಬೆಣ್ಣೆಗೆ ಆರು ಪಾಯಿಂಟ್ ಎಂಟು ಸೆಂಟಿಮೀಟರು. ಆಲಿವ್ ಎಣ್ಣೆಗೂ ಅಷ್ಟೇ. ಮೀನಿಗೆ ಏಳು ಪಾಯಿಂಟ್ ಒಂದು!

ತಲೆಬುಡ ಅರ್ಥವಾಗಲಿಲ್ಲ. ಒಳ್ಳೆಯದೆಂದ ಮೀನೇ ಕೈಕೊಟ್ಟಿತ್ತು. ಅವಳಿಗೋ ಮೀನಿನ ವಾಸನೆಯೇ ಆಗದು, ಮಧ್ಯಾಹ್ನದವರೆಗೂ ಮುಖ ಹಿಂಡಿಕೊಂಡೇ ಇರುತ್ತಿದ್ದಳು. ಆದರೂ ಆ ವಾರವೇ ಹೆಚ್ಚು ಕಾಜ ಹೊಲಿದಿದ್ದಳು.

"ಮೀನು ಬಂದ್," ಎಂದೆ.

"ಕೈ ಹಗುರಾಗಿದೆ ಅಂತಿದೀನಲ್ಲ!"

"ಟೇಪು ಸುಳ್ಳು ಹೇಳತ್ತಾ?"

ಎರಡು ದಿನ ಇದೇ ಜಗಳ. ಮೂರನೆಯ ದಿನ ಹೆಂಡತಿಯನ್ನೂ ಕರೆದುಕೊಂಡು ಹೋಗಿ ನನ್ನ ಪುಸ್ತಕವನ್ನು ಆಹಾರ ತಜ್ಞೆಯ ಮುಂದೆ ಒಗೆದೆ. ಅವಳು ಓದಿ ಹುಬ್ಬು ಗಂಟಿಕ್ಕಿದಳು. "ನನ್ನೆದುರಿಗೆ ಒಂದ್ಸಲ ಅಳೀರಿ."

ಅಳೆದೆ. ತಜ್ಞೆ ನನ್ನ ಕೈಯನ್ನೇ ನೋಡುತ್ತಿದ್ದಳು. "ಟೇಪಿನೊಳಗೆ ನಿಮ್ಮ ಬೆರಳು ಯಾಕಿದೆ?"

ನೋಡಿಕೊಂಡೆ. ನನ್ನ ತೋರುಬೆರಳ ತುದಿ ಟೇಪಿನಡಿ ತೂರಿತ್ತು. ಬಟ್ಟೆ ಬಿಗಿಯಾಗದಿರಲಿ ಎಂದು ದರ್ಜಿಗಳು ಬಿಡುವ ಸಡಿಲ ಅದು. ಗಿರಾಕಿ ಮುಖ ಹಿಂಡಿದರೆ ಬೆರಳು ತಾನಾಗಿಯೇ ಇನ್ನಷ್ಟು ಒಳಗೆ ಹೋಗುತ್ತದೆ. ಮೀನಿನ ವಾರ ಊದಿದ್ದು ಗೆಣ್ಣಲ್ಲ, ನನ್ನ ಮರುಕ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಹಾಗಾದ್ರೆ ಯಾವ ಕೊಬ್ಬು ಒಳ್ಳೇದು?" ಎಂದೆ.

"ಈ ಪುಸ್ತಕದಿಂದ ಗೊತ್ತಾಗಲ್ಲ. ಇನ್ನೊಂದ್ಸಲ ಮೂರು ವಾರ ಮಾಡಿ."

ಮತ್ತೆ ಬೆಣ್ಣೆಯಿಂದ ಶುರು. ಹನ್ನೆರಡಕ್ಕೆ ಟೇಪು ಸುತ್ತಿದೆ. ಹೆಂಡತಿ "ಹಾ" ಎಂದಳು, ನಾನು ತಕ್ಷಣ ಸಡಿಲ ಮಾಡಿದೆ. ಅವಳು ನನ್ನ ಬೆರಳನ್ನು ಹೊರಗೆಳೆದು, ಟೇಪಿನ ತುದಿ ನನ್ನ ಕೈಗೇ ಕೊಟ್ಟಳು.

"ನಾನೇನು ನಿನ್ನ ಗಿರಾಕಿನಾ? ಬಿಗಿಯಾಗೇ ಹಿಡಿ. ನನಗೆ ಸೂಜಿ ಬೇಕು."